ತೆಲಿಗಿಯಲ್ಲಿ ಕೈ ನಿಂತವು

“ಕೊಟ್ರಬಸಮ್ಮನ ಮನಿಗೆ ಪುಸ್ತಕ ಬತ್ಲೆ ಬರ್ತಾವ, ಅಂಗಿ ತೊಟ್ಟು ಊರು ತಿರಗ್ತಾವ” ಎಂದು ತೆಲಿಗಿಯ ಜನ ಅನ್ನುತ್ತಿದ್ದರು. ನಾಲಿಗೆ ಇನ್ನಷ್ಟು ಉದ್ದ ಇದ್ದವರು, “ಗಂಡ ಕುರಿ ಕಾಯ್ತಾನ, ಹೆಂಡ್ತಿ ಅಕ್ಷರ ಕಾಯ್ತಾಳ. ಕಂಬಳಿ ಯಾವ್ದರಿಂದ ಆಕೈತಿ ನೀವ ಹೇಳ್ರಿ” ಎಂದು ನಗುವರು. ಅವಳ ಅತ್ತೆ ಜೋಗಮ್ಮ ಮಾತ್ರ ಎಲೆ ಅಡಿಕೆ ದವಡೆಗೆ ಸರಿಸಿಕೊಂಡು ಒಂದೇ ಮಾತು ಹೇಳುವಳು: “ನಮ್ಮ ಸೊಸಿ ಪುಸ್ತಕದ ಸೂಲಗಿತ್ತಿ ಅದಾಳ. ಕೂಸಿಗೆ ಹೆಸರಿಡೋಕಿಂತ ಮೊದ್ಲ ಅದರ ಮಾರಿ ನೋಡಾಕಿ.”

ಸುಳ್ಳಲ್ಲ. ಆ ಕಾಲದಲ್ಲಿ ಹರಪನಹಳ್ಳಿಯ ಕಡೆಯಿಂದ ಬರುವ ಮಧ್ಯಾಹ್ನದ ಬಸ್ಸಿನಲ್ಲಿ ಅವಳ ಹೆಸರಿಗೆ ಬಂಡಲು ಬರುತ್ತಿತ್ತು. ರಟ್ಟಿಲ್ಲ, ಹೊದಿಕೆಯಿಲ್ಲ, ಬರೆದವರ ಹೆಸರೂ ಇಲ್ಲ. ಹದಿನಾರು ಪುಟಕ್ಕೊಂದರಂತೆ ಮಡಿಚಿದ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಸೆಣಬಿನ ದಾರದಿಂದ ಕಟ್ಟಿರುತ್ತಿದ್ದರು. ಅಂಗಡಿಗೆ ಬರಲು ಇನ್ನೂ ತಿಂಗಳಿರುವ ಪುಸ್ತಕ ತೆಲಿಗಿಯ ಒಂದು ಕಟ್ಟೆಯ ಮೇಲೆ ಆಗಲೇ ಬಾಯಿ ಬಿಡುತ್ತಿತ್ತು.

ಅದು ಶುರುವಾದದ್ದು ಹೀಗೆ.

ಕೊಟ್ರಬಸಮ್ಮ ನೀಲಗುಂದದ ಮಗಳು. ಏಳನೆಯ ಇಯತ್ತೆವರೆಗೆ ಓದಿ, ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದಿ, ತೆಲಿಗಿಯ ಮೈಲಪ್ಪನ ಕೈ ಹಿಡಿದು ಬಂದವಳು. ಮೈಲಪ್ಪ ಒಳ್ಳೆಯವನು, ಆದರೆ ಮನೆಯಲ್ಲಿ ಇರುವವನಲ್ಲ. ದೀಪಾವಳಿ ಮುಗಿಯಿತೆಂದರೆ ಅಣ್ಣತಮ್ಮಂದಿರ ಜೊತೆ ಕುರಿ ಹೊಡೆದುಕೊಂಡು ಹುಲ್ಲಿರುವ ಕಡೆ ಹೋದರೆ, ಮುಂಗಾರಿನ ಮಣ್ಣಿನ ವಾಸನೆ ಬಂದಾಗಲೇ ತಿರುಗಿ ಬರುವುದು. ಮನೆಯಲ್ಲಿ ಅತ್ತೆ, ಚಿಕ್ಕ ಮಗಳು ರೇಣುಕಾ, ಮತ್ತೆ ಉದ್ದಾನುದ್ದ ಮಧ್ಯಾಹ್ನಗಳು. ಪಂಚಾಯ್ತಿ ಪಕ್ಕದ ಕೋಣೆಯಲ್ಲಿ ಗುರುಸಂಗಪ್ಪ ಕಾಯುತ್ತಿದ್ದ ಲೈಬ್ರರಿ ಇತ್ತು. ಅಲ್ಲಿಂದ ಪುಸ್ತಕ ತಂದು ಓದುವಳು. ಒಬ್ಬಳೇ ಓದಿದರೆ ಅವಳಿಗೆ ಒಬ್ಬಳೇ ಉಂಡಂತೆ, ಗಟ್ಟಿಯಾಗಿ ಓದುವಳು.

ಬೇಸಿಗೆಯಲ್ಲಿ ಅವಳ ಮನೆ ಕಟ್ಟೆಯ ಮೇಲೆ ಬೇವಿನ ನೆರಳು ಚೆನ್ನಾಗಿ ಬೀಳುತ್ತಿತ್ತು. ಓಣಿಯ ಹೆಂಗಸರು ಬಿತ್ತನೆ ಶೇಂಗಾ ಸುಲಿಯಲು ಅಲ್ಲಿಗೇ ಮೊರ ಹಿಡಿದು ಬರುವರು. ಎಣ್ಣೆಗೆ ಹೋಗುವ ಶೇಂಗಾ ಮಷಿನ್ನಿಗೆ ಹಾಕಿದರೆ ನಡೆಯುತ್ತದೆ. ಬಿತ್ತುವ ಬೀಜಕ್ಕೆ ಹಾಗಲ್ಲ, ಒಡೆದು ಎರಡು ಹೋಳಾದರೆ ಮೊಳೆಯುವುದಿಲ್ಲ, ಬೆರಳಲ್ಲೇ ಸುಲಿಯಬೇಕು. ಅವಳು ಓದುವಳು, ಅವರು ಸುಲಿಯುವರು. ಟಿಕ್, ಟಿಕ್, ಟಿಕ್. ಕತೆ ಸಪ್ಪೆಯಾದರೆ ಟಿಕ್ ಟಿಕ್ ಜೋರಾಗುವುದು. ಕತೆ ಹಿಡಿಯಿತೋ, ಮೊದಲು ಯಾರೋ ಒಬ್ಬಳ ಕೈ ನಿಲ್ಲುವುದು, ಕಾಯಿ ಎರಡು ಬೆರಳ ನಡುವೆಯೇ ಉಳಿಯುವುದು. ಆಮೇಲೆ ಇನ್ನೊಬ್ಬಳದು. ಎಲ್ಲರಿಗಿಂತ ಕೊನೆಗೆ ಸುಂಕಮ್ಮನದು. ಸುಂಕಮ್ಮ ಪಕ್ಕದ ಮನೆಯವಳು, ಕೈ ಜೋರು, ಬಾಯಿ ಅದಕ್ಕಿಂತ ಜೋರು. ಅವಳ ಕೈಯೂ ನಿಂತಿತೆಂದರೆ ಆ ಪುಟಕ್ಕೆ ಬೇರೆ ಸಾಕ್ಷಿ ಬೇಡ. ಕೊಟ್ರಬಸಮ್ಮ ಅಲ್ಲೊಂದು ಶೇಂಗಾ ಸಿಪ್ಪೆ ಇಟ್ಟು ಪುಸ್ತಕ ಮುಚ್ಚುವಳು.

“ಏನಬೇ ಇದು, ಪುಸ್ತಕಾನೋ ಇಲಿ ಬಿಲಾನೋ?” ಎಂದು ಗುರುಸಂಗಪ್ಪ ತಿರುಗಿ ಬಂದ ಪುಸ್ತಕವನ್ನು ಜಾಡಿಸಿ ಬೈಯುವನು.

“ಸಿಪ್ಪಿ ಇದ್ದ ಪುಟ ನೀವೂ ಓದ್ರಿ, ಮಾವಾರ. ಬೈಯೋದು ಮರೀತೀರಿ” ಎಂದು ಇವಳು.

ಒಮ್ಮೆ ಹೀಗೆ ಓದುತ್ತಿದ್ದ ಕಾದಂಬರಿಯಲ್ಲಿ ಹುಡುಗಿಯೊಬ್ಬಳು ಬಾವಿ ಕಟ್ಟೆ ಹತ್ತಿ ನಿಂತಳು. ಕೈಗಳೆಲ್ಲ ನಿಂತಿದ್ದವು. ಕೊಟ್ರಬಸಮ್ಮ ಹಾಳೆ ತಿರುವಿದರೆ ಮುಂದೆ ಬರೀ ರಟ್ಟು. ಕಡೆಯ ಫಾರಂ ಹೊಲಿಯುವುದನ್ನೇ ಬಿಟ್ಟಿದ್ದರು! ಹೆಂಗಸರು ಆ ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ, ಬೆಳಗಾಗುತ್ತಲೇ ಸುಂಕಮ್ಮ ಬಂದು, “ಅಕಿ ಏನಾದ್ಲಬೇ?” ಎಂದಳು. ಪುಸ್ತಕದ ಹಿಂದೆ ಹರಪನಹಳ್ಳಿಯ ಪ್ರೆಸ್ಸಿನ ವಿಳಾಸ ಇತ್ತು. ಕೊಟ್ರಬಸಮ್ಮ ಒಂದು ಕಾರ್ಡು ತರಿಸಿ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದಳು:

“ಮಾನ್ಯರೇ, ನಿಮ್ಮ ಪುಸ್ತಕದಲ್ಲಿ ಹುಡುಗಿಯು ಬಾವಿಯ ಕಟ್ಟೆಯ ಮೇಲೆ ನಿಂತಿರುತ್ತಾಳೆ. ಮುಂದಿನ ಪುಟಗಳೇ ಇಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳ ಕೈ ನಿಂತುಬಿಟ್ಟಿವೆ, ಶೇಂಗಾ ಹಾಗೇ ಉಳಿದಿದೆ, ಬಿತ್ತನೆ ಹತ್ತಿರ ಬಂತು. ಆಕೆಯನ್ನು ಇಳಿಸಿರಿ, ಇಲ್ಲವೇ ಕೆಡವಿರಿ. ಬೇಗ ತಿಳಿಸಿರಿ.”

ಪ್ರೆಸ್ಸು ಗಂಗಾಧರಪ್ಪನದು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾಹೀರಾತಿನ ಚೀಟಿ ಹೊಡೆದು ಹೊಟ್ಟೆ ಹೊರೆಯುತ್ತಿದ್ದ. ಅದರ ನಡುವೆ ವರ್ಷಕ್ಕೆರಡೋ ಮೂರೋ ಪುಸ್ತಕ ತೆಗೆಯುವುದು ಅವನ ಹುಚ್ಚು. ಕಾರ್ಡು ಓದಿ ಅವನು ಎಷ್ಟು ನಕ್ಕನೆಂದರೆ, ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುವವನು ಕೆಲಸ ಬಿಟ್ಟು ಎದ್ದು ಬಂದನಂತೆ. ಅವತ್ತೇ ಬಸ್ಸಿನ ಕಂಡಕ್ಟರ್ ಅಂಜಿನೇಯಲುವಿನ ಕೈಯಲ್ಲಿ ತಪ್ಪಿದ ಫಾರಂ ಕಳಿಸಿದ. ಹುಡುಗಿ ಬಾವಿ ಕಟ್ಟೆಯಿಂದ ಇಳಿದಳು, ಶೇಂಗಾ ಹೊಲ ಸೇರಿತು.

ಮುಂದಿನ ಪುಸ್ತಕ ಅಚ್ಚಾದಾಗ ಗಂಗಾಧರಪ್ಪ ಹೊಲಿಯುವುದಕ್ಕೆ ಮೊದಲೇ ಒಂದು ಕಟ್ಟು ತೆಲಿಗಿಗೆ ಕಳಿಸಿದ. “ಎಲ್ಲಿ ಕೈ ನಿಂತವು ಹೇಳಿ” ಎಂದಷ್ಟೇ ಚೀಟಿ. ಅವಳು ಕಾರ್ಡಿನಲ್ಲಿ ಬರೆದಳು: ಇಂಥ ಪುಟದಲ್ಲಿ ಸುಂಕಮ್ಮನ ಕೈ ನಿಂತಿತು, ಇಂಥ ಕಡೆ ಬಾಯಿಗೆ ಹಾಕಿಕೊಂಡ ಬೀಜ ಅಗಿಯುವುದನ್ನೂ ಮರೆತರು, ನಡುವಿನ ಊರ ವರ್ಣನೆ ಬಂದಾಗ ಎಲ್ಲರೂ ಎದ್ದು ನೀರು ಕುಡಿಯಲು ಹೋದರು. ಪುಸ್ತಕ ಅಂಗಿ ತೊಟ್ಟು ಬಂದಾಗ ಹಿಂಬದಿಯಲ್ಲಿ ಒಂದೇ ಸಾಲು ಅಚ್ಚಾಗಿತ್ತು: “ತೆಲಿಗಿಯಲ್ಲಿ ಕೈ ನಿಂತವು.”

ಅಲ್ಲಿಂದ ಅದೇ ರೂಢಿಯಾಯಿತು. ಕೈ ನಿಂತರೆ ಆ ಸಾಲು; ನಿಲ್ಲದಿದ್ದರೆ ಹಿಂಬದಿ ಖಾಲಿ. ಕೊಟ್ಟೂರು, ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡುಗಳಲ್ಲಿ ಪುಸ್ತಕ ಕೈಗೆತ್ತಿಕೊಂಡವರು ಮೊದಲು ಅದರ ಬೆನ್ನು ತಿರುವಿ ನೋಡುವರೆಂದು ಅಂಜಿನೇಯಲು ಸುದ್ದಿ ತರುತ್ತಿದ್ದ. “ಯಕ್ಕಾ, ಹಡಗಲ್ಯಾಗ ಒಬ್ಬ ಮಾಸ್ತರು ‘ತೆಲಿಗಿ ಅಂದ್ರ ಯಾವ ಕಮಿಟಿ’ ಅಂತ ಕೇಳಿದ್ರು. ‘ಶೇಂಗಾ ಕಮಿಟಿ’ ಅಂದೆ.” ಹೆಂಗಸರು ನಗುತ್ತಾ ಒಬ್ಬರ ಮೇಲೊಬ್ಬರು ಬೀಳುವರು.

ಅವಳಿಗೂ ಒಂದು ಹೆಮ್ಮೆ ಇತ್ತು, ಹೊರಗೆ ತೋರಿಸುತ್ತಿರಲಿಲ್ಲ. ಗಂಗಾಧರಪ್ಪ ಒಮ್ಮೆ ಚೀಟಿಯಲ್ಲಿ, “ಕೈ ನಿಜವಾಗಿ ನಿಂತವೆಂದು ಹೇಗೆ ತಿಳಿಯುತ್ತೀರಿ? ಸುಮ್ಮನೆ ದಣಿವಾರಿಸಿಕೊಂಡರೆ?” ಎಂದು ಕೇಳಿದ್ದ. ಅವಳು ಬರೆದಿದ್ದಳು: “ಮಳೆ ನಿಲ್ಲುವಾಗ ಹನಿ ಹನಿಯಾಗಿ ನಿಲ್ಲುತ್ತದೆ. ನಲ್ಲಿ ತಿರುವಿದರೆ ಒಮ್ಮೆಗೇ ನಿಲ್ಲುತ್ತದೆ. ಎರಡರ ಸದ್ದು ಬೇರೆ.”

ಹೀಗೆ ವರ್ಷಗಳು ಹೋದವು. ರೇಣುಕಾ ಹೈಸ್ಕೂಲು ಮುಗಿಸಿ ನರ್ಸಿನ ತರಬೇತಿಗೆ ಹೋದಳು. ಜೋಗಮ್ಮನ ಕಣ್ಣಿಗೆ ಪೊರೆ ಬಂತು, ಕಿವಿ ಮಾತ್ರ ಚುರುಕಾಗಿಯೇ ಉಳಿಯಿತು. ಬಂಡಲು ಬರುವುದು ತಪ್ಪಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆ, ಅಂಜಿನೇಯಲು ದಪ್ಪನೆಯ ಕಟ್ಟು ತಂದ. ಕೊಡುವಾಗ ಕೈ ಬಿಡಲಿಲ್ಲ.

“ಯಕ್ಕಾ, ಒಂದು ಮಾತು. ನಾ ಹೇಳೀನಿ ಅನ್ಬ್ಯಾಡ. ಇದನ್ನ ಸಾವ್ಕಾರ್ರ ಬರದಾರ. ತಾವ ಸ್ವತಃ.”

“ಗಂಗಾಧರಪ್ಪಾರ?”

“ಹೂಂ. ಮೊಳಿ ಜೋಡ್ಸಾಂವಗೂ ಯಾರದು ಅಂತ ಹೇಳಿಲ್ಲಂತ. ಅಂವಾ ಕೈಬರಹ ನೋಡಿ ಗುರ್ತು ಹಿಡದ.” ಡ್ರೈವರು ಹಾರ್ನ್ ಹೊಡೆದ, ಅಂಜಿನೇಯಲು ಫುಟ್‌ಬೋರ್ಡಿಗೆ ಹಾರಿದ.

ಅವಳು ಆ ಕಟ್ಟನ್ನು ಕಂಕುಳಲ್ಲಿ ಕೂಸಿನಂತೆ ಇಟ್ಟುಕೊಂಡು ಮನೆಗೆ ಬಂದಳು. ಇಷ್ಟು ವರ್ಷ ಬೇರೆಯವರ ಪುಸ್ತಕಕ್ಕೆ ಅಂಗಿ ಹೊಲಿದ ಮನುಷ್ಯ, ಈಗ ತನ್ನದಕ್ಕೆ!

ಪಾಳೆಗಾರನೊಬ್ಬನ ಕತೆ. ಕೋಟೆ, ಕತ್ತಿ, ಕುದುರೆ. ಪುಟಪುಟಕ್ಕೂ ಸೂರ್ಯೋದಯ. ಕೊಟ್ರಬಸಮ್ಮ ಓದಿದಳು. ಟಿಕ್ ಟಿಕ್ ಟಿಕ್. ಕೋಟೆ ಮುತ್ತಿದರು, ಟಿಕ್ ಟಿಕ್. ರಾಣಿ ಬೆಂಕಿಗೆ ಹಾರಿದಳು. ಸುಂಕಮ್ಮ ಮೊರ ಕೇರಿ ಹೊಸ ಕಾಯಿ ಸುರುವಿಕೊಂಡಳು. ಸಂಜೆಯಾಗುವುದರೊಳಗೆ ಅಷ್ಟೂ ಶೇಂಗಾ ಮುಗಿದು ಬರೀ ಸಿಪ್ಪೆಯ ಗುಡ್ಡೆ.

“ಯಕ್ಕಾ, ಇಂಥಾ ಪುಸ್ತಕ ದಿನಾ ತರ್ಸು” ಎಂದಳು ಸುಂಕಮ್ಮ ಸೆರಗು ಝಾಡಿಸುತ್ತ. “ಕೆಲ್ಸ ಹೆಂಗ ಹರೀತು ನೋಡು.”

ಮಾರನೆಯ ದಿನ ಅವಳು ಅದನ್ನೇ ಮತ್ತೆ ಓದಿದಳು. ಈ ಸಲ ದನಿ ಏರಿಸಿ, ಇಳಿಸಿ, ರಾಣಿಯ ಮಾತಿಗೆ ಅಳು ತಂದು, ಗೊಲ್ಲರ ಹಾಡಿನವರು ಎಳೆಯುವಂತೆ ಸಾಲು ಎಳೆದು ಓದಿದಳು. ಒಂದೆರಡು ಕೈ ನಿಂತವು. ಆದರೆ ನಿಂತದ್ದು ಯಾತಕ್ಕೆಂದು ಅವಳಿಗೆ ಗೊತ್ತಿತ್ತು. ಹಾಗೆ ಓದಿದರೆ ಸಂತೆ ಸಾಮಾನಿನ ಚೀಟಿಗೂ ಕೈ ನಿಲ್ಲುತ್ತವೆ.

ಕಾರ್ಡು ಮುಂದಿಟ್ಟುಕೊಂಡು ಕೂತಳು. ಖಾಲಿ ಬೆನ್ನಿನ ಪುಸ್ತಕ ಹಿಡಿದು ನಿಂತ ಗಂಗಾಧರಪ್ಪ ಕಣ್ಣ ಮುಂದೆ ಬಂದ. ಅವಳು ಅವನ ಮುಖವನ್ನೇ ನೋಡಿರಲಿಲ್ಲ, ಆದರೂ ಬಂದ. ಇದರ ಮೇಲೆ ಬಂಡಲು ನಿಂತರೆ? ಬಂಡಲಿಲ್ಲದ ಮಧ್ಯಾಹ್ನ ಹೇಗಿರುತ್ತಿತ್ತೆಂಬುದನ್ನು ಅವಳು ಮರೆತೇಬಿಟ್ಟಿದ್ದಳು.

“ಏನು ಕುಂತೀದಿ ಅಷ್ಟೊತ್ತಿಂದ?” ಎಂದಳು ಜೋಗಮ್ಮ ಒಳಗಿಂದ. “ಕೂಸು ಹೆಂಗರ ಇರ್ಲಿ, ಬಾಣಂತಿ ಮುಂದ ಚಲೋ ಐತಿ ಅಂತಾರ. ಯಾವ ಸೂಲಗಿತ್ತಿಗೆ ಗೊತ್ತಿಲ್ಲ ಇದು?”

“ಕೈ ನಿಂತವು” ಎಂದು ಬರೆದು, ಮನಸ್ಸು ತಿರುಗುವ ಮೊದಲೇ ಅಂಚೆ ಡಬ್ಬಿಗೆ ಹಾಕಿಬಂದಳು.

ಸುಳ್ಳಿಗೆ ಕಾಲಿಲ್ಲವೆನ್ನುತ್ತಾರೆ, ಅವಳ ಸುಳ್ಳು ಬಸ್ಸು ಹತ್ತಿ ಬಂತು. ಸ್ವಲ್ಪ ದಿನಕ್ಕೆ ಅಂಜಿನೇಯಲುವಿನ ಬಸ್ಸಿನಿಂದ ಬಂಡಲಿನ ಬದಲು ಒಬ್ಬ ಮನುಷ್ಯ ಇಳಿದ. ತೆಳ್ಳಗೆ, ಎತ್ತರಕ್ಕೆ, ಬೆರಳ ತುದಿಗಳೆಲ್ಲ ಕಪ್ಪು. ಇಸ್ತ್ರಿ ಮಾಡಿದ ಅಂಗಿ. ಕಂಕುಳಲ್ಲಿ ಫಾರಂಗಳ ಕಟ್ಟು.

“ಕೊಟ್ರಬಸಮ್ಮಾರ ಅಂದ್ರ ನೀವ? ನಾನು ಗಂಗಾಧರಪ್ಪ. ರಟ್ಟಿನ ಮ್ಯಾಲೆ ನಿಮ್ಮ ಸಾಲು ಹಾಕೋಕಿಂತ ಮೊದ್ಲು, ಒಂದ್ಸಲ ಕಣ್ಣಾರೆ ನೋಡಬೇಕು ಅನಿಸ್ತ್ರಿ. ಈ ಪುಸ್ತಕ...” ನಾಚಿದ. “ನಂದ ರೀ.”

ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಅವನು ತಾನೇ ಓದತೊಡಗಿದ. ಟಿಕ್ ಟಿಕ್ ಟಿಕ್. ಒಂದು ಸೂರ್ಯೋದಯ ಆಯಿತು, ಟಿಕ್ ಟಿಕ್. ಅವನು ಹಾಳೆಯ ಅಂಚಿನಿಂದ ಕೈಗಳನ್ನು ನೋಡಿದ, ಮತ್ತೆ ಓದಿದ, ಮತ್ತೆ ನೋಡಿದ. ಕೊಟ್ರಬಸಮ್ಮನಿಗೆ ಕೂತ ಕಟ್ಟೆ ಕಾದ ಹಂಚಿನಂತಾಯಿತು. ಹೆಂಗಸರಿಗೂ ಕಸಿವಿಸಿ, ಮನೆಗೆ ಬಂದ ಮನುಷ್ಯ. ರಾಣಿ ಬೆಂಕಿಯ ಮುಂದೆ ನಿಂತಾಗ ಕೊಟ್ರಬಸಮ್ಮ ಸುಂಕಮ್ಮನ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಂಡಳು. ಸುಂಕಮ್ಮ ಪಕ್ಕದವಳ ತೊಡೆ ಚಿವುಟಿದಳು.

ಕೈಗಳೆಲ್ಲ ನಿಂತವು. ಒಟ್ಟಿಗೆ. ಒಮ್ಮೆಗೇ.

ಗಂಗಾಧರಪ್ಪ ಸಾಲಿನ ನಡುವೆಯೇ ಓದುವುದನ್ನು ಬಿಟ್ಟ. ಬೇವಿನ ಮರದಲ್ಲಿ ಕಾಗೆ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಅವನು ಫಾರಂಗಳನ್ನು ಅಂಚು ಕೂಡಿಸಿ ಮೆಲ್ಲಗೆ ಕಟ್ಟಿದ.

“ನಲ್ಲಿ ತಿರುವಿದ್ರಿ, ಅಕ್ಕಾರ” ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು.

ಚಹ ಕುಡಿಯಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದ. ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ, ಏನೂ ಆಗಿಲ್ಲವೆಂಬಂತೆ ಜೋಗಮ್ಮ ಕೇಳಿದಳು: “ಏನಪ್ಪಾ, ನಿಮ್ಮವ್ವನೂ ಓದ್ತಿದ್ಲೇನು?”

“ಇಲ್ಲಬೇ. ನಮ್ಮವ್ವಗ ಒಂದಕ್ಷರ ಬರ್ತಿದ್ದಿಲ್ಲ. ಆದ್ರ ಜಲ್ಮ ಎಲ್ಲಾ ಅಕ್ಷರದಾಗ ಇದ್ಲು. ಅಚ್ಚಾದ ಮ್ಯಾಲೆ ಸೀಸದ ಮೊಳಿ ಎಲ್ಲಾ ಬಿಚ್ಚಿ ಖಾನಿಗೆ ತುಂಬ್ತಿದ್ಲು. ಬರೀ ಬೆರಳಾಗ ಗುರ್ತು ಹಿಡಿಯಾಕಿ. ಒಂದು ಅಕ್ಷರಕ್ಕ ಬಸುರಿ ಅನ್ನಾಕಿ, ಒಂದಕ್ಕ ಕೊಡ ಹೊತ್ತಾಕಿ ಅನ್ನಾಕಿ. ತೀರಿಕೊಂಡಾಗ ನೋಡಿದ್ರ, ಸೆರಗಿನ ತುದಿಗೆ ಒಂದು ಮೊಳಿ ಗಂಟು ಹಾಕ್ಕೊಂಡಿದ್ಲು.”

“ಯಾವ ಅಕ್ಷರ?”

“ಸವದುಹೋಗಿತ್ತಬೇ. ಯಾವುದಂತ ಗೊತ್ತಾಗಲಿಲ್ಲ.”

ಅವನು ಹೋದ. ಆದರೆ ಕೊಟ್ರಬಸಮ್ಮ ಒಂದನ್ನು ನೋಡಿದ್ದಳು. ಸುಂಕಮ್ಮನ ಬೆರಳ ನಡುವೆ ಒಂದು ಕಾಯಿ ಒಡೆಯದೆ ಹಾಗೇ ನಿಂತಿತ್ತು. ಮಾರನೆಯ ದಿನ ಅದನ್ನೇ ಒಂದು ಕಾರ್ಡಿನಲ್ಲಿ ಬರೆದಳು: “ನೀವು ಚಪ್ಪಲಿ ಮೆಟ್ಟುವಾಗ ಹೇಳಿದ ಮಾತಿಗೆ ಸುಂಕಮ್ಮನ ಕೈ ನಿಂತಿತ್ತು. ಇದು ಮಳೆ.” ಬೇರೇನೂ ಬರೆಯಲು ಮುಖವಿರಲಿಲ್ಲ.

ಉತ್ತರ ಬರಲಿಲ್ಲ. ಪಾಳೆಗಾರನ ಪುಸ್ತಕ ಹೊರಬೀಳಲೇ ಇಲ್ಲ. ಬಂಡಲು ನಿಂತಿತು. ಬಸ್ಸು ಬರುವ ಹೊತ್ತಿಗೆ ಅವಳ ಕಾಲು ತಾವಾಗಿಯೇ ರಸ್ತೆಗೆ ಹೋಗುತ್ತಿದ್ದವು. ಅಂಜಿನೇಯಲು ದೂರದಿಂದಲೇ ಎರಡೂ ಕೈ ಅಗಲಿಸಿ ಖಾಲಿ ಅಂಗೈ ತೋರಿಸುವನು. ಮೊದಮೊದಲು ನಗುತ್ತ ತೋರಿಸುತ್ತಿದ್ದ, ಬರಬರುತ್ತ ಮುಖ ಆಚೆ ತಿರುಗಿಸಿ ತೋರಿಸುತ್ತಿದ್ದ. ಹೆಂಗಸರು ಮಾತ್ರ ಕಟ್ಟೆಗೆ ಬರುವುದು ಬಿಡಲಿಲ್ಲ. ಅವಳು ಹಳೆಯ ಪುಸ್ತಕಗಳನ್ನೇ ಓದುವಳು. ಯಾವ ಪುಟದಲ್ಲಿ ಕೈ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿದ್ದ ಪುಸ್ತಕ. ಉಳಿದ ಊಟವನ್ನೇ ಬಿಸಿ ಮಾಡಿ ಉಣ್ಣುವ ಹಾಗೆ.

ಹೀಗೇ ಒಂದೆರಡು ಬಿತ್ತನೆ ಕಳೆದವು. ರೇಣುಕಾಳಿಗೆ ಕೊಟ್ಟೂರಿನ ಆಸ್ಪತ್ರೆಯಲ್ಲಿ ಕೆಲಸವಾಯಿತು. ಮೈಲಪ್ಪನ ಮೊಣಕಾಲು ಸೋತಿದ್ದವು. ಕುರಿಯನ್ನು ತಮ್ಮನಿಗೆ ಒಪ್ಪಿಸಿ, ಮನೆಯನ್ನೂ ಅವನಿಗೇ ಬಿಟ್ಟು, ಎಲ್ಲರೂ ಕೊಟ್ಟೂರಿಗೆ ಹೋಗುವುದೆಂದು ತೀರ್ಮಾನವಾಯಿತು. ಪಾತ್ರೆಗಳು ಗೋಣಿಚೀಲ ಸೇರಿದವು, ಒಲೆಯ ಮುಂದಿನ ಗೂಡು ಬರಿದಾಯಿತು.

ಹೊರಡುವ ಹಿಂದಿನ ದಿನ ಅವಳು ರಸ್ತೆಗೆ ಹೋಗಿರಲಿಲ್ಲ. ಬಸ್ಸೇ ಓಣಿಯ ಬಾಯಿಯವರೆಗೆ ಬಂದು ಹಾರ್ನ್ ಹೊಡೆಯಿತು. ಒಂದೇ ಸಮ ಹೊಡೆಯಿತು. ಅಂಜಿನೇಯಲು ಟಿಕೆಟ್ ಚೀಲ ಬಗಲಿಗೆ ಒತ್ತಿಕೊಂಡು ಓಡಿಬಂದ.

“ಯಕ್ಕಾ! ಬಂತು! ಬತ್ಲೆ ಬಂತು!”

ತೆಳ್ಳನೆಯ ಕಟ್ಟು. ಸೆಣಬಿನ ದಾರ. ಚೀಟಿಯಿಲ್ಲ, ಹೆಸರಿಲ್ಲ. ಮೊದಲ ಸಾಲಿನಲ್ಲೇ ಒಬ್ಬ ಹೆಂಗಸು ಕತ್ತಲ ಕೋಣೆಯಲ್ಲಿ ಸೀಸದ ಮೊಳೆಯನ್ನು ಬೆರಳಲ್ಲಿ ಸವರುತ್ತಿದ್ದಳು.

ಕೊಟ್ರಬಸಮ್ಮನ ಮನೆಯಲ್ಲಿ ಸುಲಿಯಲು ಒಂದು ಕಾಯಿಯೂ ಇರಲಿಲ್ಲ. ಸುಂಕಮ್ಮ ತನ್ನ ಬಿತ್ತನೆ ಶೇಂಗಾ ಚೀಲವನ್ನೇ ಎಳೆದು ತಂದು ಕಟ್ಟೆಯ ಮೇಲೆ ಸುರುವಿದಳು. “ಓದಬೇ. ಚಲೋ ಇದ್ರ ಚಲೋ, ಇಲ್ಲಂದ್ರ ನನ್ನ ಕೆಲ್ಸ ಆತು.”

ಅವಳು ದನಿ ಏರಿಸಲಿಲ್ಲ, ಇಳಿಸಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಸಪಾಟಾಗಿ ಓದಿದಳು. ಟಿಕ್ ಟಿಕ್ ಟಿಕ್. ಮೊದಲ ಫಾರಂ ಮುಗಿಯಿತು, ಟಿಕ್ ಟಿಕ್. ತಲೆ ಎತ್ತಬಾರದೆಂದು ಅಕ್ಷರಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಎರಡನೆಯದರಲ್ಲಿ ಎಲ್ಲೋ ಮೂಲೆಯಲ್ಲಿ ಒಂದು ಸದ್ದು ಕಡಿಮೆಯಾಯಿತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತು ಸುಂಕಮ್ಮನದೊಂದೇ ಟಿಕ್... ಟಿಕ್... ಸೂರಿನಿಂದ ಕಡೆಯ ಹನಿ ತೊಟ್ಟಿಕ್ಕುವ ಹಾಗೆ. ಮುಂದೆ ಅದೂ ಇಲ್ಲ.

ಪುಸ್ತಕದ ಹೆಂಗಸು ಎಲ್ಲರೂ ಹೋದ ಮೇಲೆ ಖಾನೆಯಿಂದ ಒಂದು ಮೊಳೆ ತೆಗೆದಳು, ಸೆರಗಿನ ತುದಿ ಬಿಚ್ಚಿದಳು...

ಕೊಟ್ರಬಸಮ್ಮ ಹಾಳೆ ತಿರುವಿದಳು. ಮುಂದೆ ಏನೂ ಇರಲಿಲ್ಲ.

“ಓದಬೇ ಮುಂದ!”

“ಇಲ್ಲಬೇ. ಕಡೀ ಫಾರಂ ಇಲ್ಲ.”

“ಅಯ್ ಇವನ!” ಸುಂಕಮ್ಮ ಹಣೆ ಬಡಿದುಕೊಂಡಳು. “ಮತ್ತ ಬಾವಿ ಕಟ್ಟಿ ಮ್ಯಾಲೆ ನಿಲ್ಲಿಸ್ಯಾನಲ್ಲಬೇ! ಬೇಕಂತ ಮಾಡ್ಯಾನೋ, ಮರತಾನೋ?”

ಜೋಗಮ್ಮ ಗೋಡೆಗೊರಗಿದಲ್ಲಿಂದಲೇ ಅಂದಳು: “ಸೂಲಗಿತ್ತಿನ್ನ ಮನಿತನಕ ಕರಿಸ್ಕೊಳ್ಳಾಕ ಹಿಂಗ ಮಾಡ್ತಾರಬೇ.”

ಮರುದಿನ ಬೆಳಗ್ಗೆ ಟ್ರ್ಯಾಕ್ಟರ್ ಬಂದು ನಿಂತಿತು. ಕೊಟ್ಟೂರಿನ ದಾರಿ ಹರಪನಹಳ್ಳಿಯ ಮೇಲೆಯೇ ಹೋಗುತ್ತದೆ. ಚೀಲಗಳನ್ನು ಏರಿಸಿದರು, ಅವುಗಳ ನಡುವೆ ಜೋಗಮ್ಮನನ್ನು ಕೂರಿಸಿದರು. ಮೈಲಪ್ಪ ಹೆಂಡತಿಯನ್ನು ಕೂಗಿದ. “ಪ್ರೆಸ್ಸಿನ ಮುಂದ ಎಷ್ಟೊತ್ತು ನಿಲ್ಲಿಸ್ಬೇಕ, ಹೇಳಿಬಿಡು. ಡ್ರೈವರ್ ಈಗ್ಲ ಗೊಣಗಾಕ ಹತ್ಯಾನ.”

ಅವಳು ಕಟ್ಟೆಯ ಮೇಲೆ ಬಗ್ಗಿ, ನಿನ್ನೆ ಸುಲಿಯದೆ ಉಳಿದ ಕಾಯಿಗಳನ್ನು ಬೊಗಸೆ ಬೊಗಸೆಯಾಗಿ ಉಡಿಗೆ ತುಂಬಿಕೊಳ್ಳುತ್ತಿದ್ದಳು. ಈ ಸಲ ಕಾರ್ಡು ಬರೆದಿರಲಿಲ್ಲ.

“ಏ, ನನ್ನ ಬಿತ್ತನಿ ಅದು!” ಎಂದಳು ಸುಂಕಮ್ಮ. ಅಂದವಳೇ ತಾನೂ ಬಗ್ಗಿ ಎರಡು ಬೊಗಸೆ ಹಾಕಿದಳು. “ಇಷ್ಟೂ ಅವನ ಮುಂದ ಸುರುವು. ಕಡೀ ಫಾರಂ ಓದಿದ ಮ್ಯಾಲೆ ಅಂಜಿನೇಯಲು ಕೈಯಾಗ ಇತ್ಲಾಗ ಕಳಿಸ್ಬೇಕು ನೋಡು. ನಮ್ಮ ಸೊಸಿ ಗೀತಮ್ಮಗ ಓದಾಕ ಬರ್ತೈತಿ. ಮರತ್ಯೋ, ಕೊಟ್ಟೂರಿಗೇ ಬಂದು ಬೈತೀನಿ.”

ಕೊಟ್ರಬಸಮ್ಮ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಹೊಲಿಯದ ಪುಸ್ತಕ ಕಂಕುಳಲ್ಲಿ, ಒಡೆಯದ ಶೇಂಗಾ ಉಡಿಯಲ್ಲಿ. ಬಸುರಿಯ ಹಾಗೆ ಉಡಿಯನ್ನು ಕೈಯಲ್ಲಿ ಆತುಕೊಂಡು, ಒಂದೊಂದೇ ಮೆಟ್ಟಿಲು ನೋಡಿ ನೋಡಿ ಇಳಿದಳು.